ಮಣಿಚೌಕಟ್ಟು

ಆ ಪುಸ್ತಕ ಮುಚ್ಚು, ಹುಡುಗಾ. ಚಹಾ ಆರುತ್ತಿದೆ.
ಮೂರು ರಾತ್ರಿಯಿಂದ ನೋಡುತ್ತಿದ್ದೇನೆ,
ಕಚ್ಚಿ ಕಚ್ಚಿ ಪೆನ್ಸಿಲ್ಲಿನ ತುದಿ ಕುಂಚವಾಗಿದೆ,
ಆದರೂ ನಿನ್ನ ಮೊತ್ತ ತಾಳೆಯಾಗುತ್ತಿಲ್ಲ.

ಇಲ್ಲಿ ಕೊಡು. ಹದಿನಾರು ವರ್ಷ
ಸಾಮೂಹಿಕ ಜಮೀನಿನ ಲೆಕ್ಕದ ಕೋಣೆಯಲ್ಲಿ
ಕುರಿಗಳನ್ನು ಈ ಮಣಿಗಳ ಮೇಲೆ ಮೇಯಿಸಿದವಳು ನಾನು.
ಒಂದು ಬೆಳಿಗ್ಗೆ ಎದ್ದರೆ ದೇಶವೇ ಇರಲಿಲ್ಲ.
ಕುರಿ ಹಂಚಿಕೊಂಡರು, ಕುರ್ಚಿ ಹಂಚಿಕೊಂಡರು,
ಬುರುಲ್ಕಾನಳ ಪಾಲಿಗೆ ಈ ಮಣಿಚೌಕಟ್ಟು ಬಂತು.
ಹತ್ತರ ತಂತಿಯಲ್ಲಿ ಒಂದು ಮಣಿ ಇಲ್ಲ,
ಮೊಮ್ಮಗ ನುಂಗಿದ. ಮನಸ್ಸಿನಲ್ಲೇ ಸೇರಿಸಿಕೊಳ್ಳುತ್ತೇನೆ.

ಓದು. ಕರಕೋಲಿನಿಂದ ಮಾರ್ಷ್ರುತ್ಕಾ, ಎಪ್ಪತ್ತು ಸೋಮ್. ಸರಿ.
ಹಾಸಿಗೆ, ಎರಡು ಹೊತ್ತಿನ ಊಟ, ಸಾವಿರದ ಇನ್ನೂರು.
ಅದು ನನ್ನ ದರ, ಅದರ ಮೇಲೆ ಬೆರಳಿಡಬೇಡ.
ಗ್ಯಾಸಿನ ಡಬ್ಬಿ, ಆರುನೂರು? ಕೊಳ್ಳಬೇಡ.
ಹೋದ ವಾರ ಇಬ್ಬರು ಪೋಲಿಷ್ ಹುಡುಗಿಯರು
ಅರ್ಧ ಉಳಿದದ್ದನ್ನು ಬಿಟ್ಟುಹೋದರು. ತಗೋ, ಕುಲುಕಿ ನೋಡು.
ಆರುನೂರು ಉಳಿಯಿತು. ಟಕ್.

ಕುದುರೆಯನ್ನು ಯಾಕೆ ಹೊಡೆದುಹಾಕಿದ್ದೀಯ?
ನಡೆಯಬಲ್ಲೆಯಾ! ಎಲ್ಲರೂ ನಡೆಯಬಲ್ಲರು, ಸೇತುವೆಯವರೆಗೆ.
ಅಲ್ಲಿಂದಾಚೆ ಸೇತುವೆಯಿಲ್ಲದ ಎರಡು ಹೊಳೆ,
ಬೆಳಿಗ್ಗೆ ಮೊಣಕಾಲು, ಮಧ್ಯಾಹ್ನ ಸೊಂಟ.
ಬಿಸಿಲೇರಿತೋ, ಹಿಮನದಿ ಸಾಲ ವಸೂಲಿಗೆ ಇಳಿಯುತ್ತದೆ.
ಹೊಳೆ ದಾಟಿಸಲು ಮಾತ್ರ ತೋಕ್ತೊಸುನ್‌ನ ಕುದುರೆ ಕೇಳು.
ಎರಡು ಸಾವಿರ ಅನ್ನುತ್ತಾನೆ. ಎಂಟುನೂರು ಅನ್ನು.
ಅವನು ನಗುತ್ತಾನೆ. ನೀನೂ ನಗು.
ಸಾವಿರದ ಇನ್ನೂರಕ್ಕೆ ನಿಲ್ಲಿಸು, ಇನ್ನೂ ಎಳೆಯಬೇಡ;
ಚಳಿಗಾಲದಲ್ಲಿ ಆ ಕುದುರೆ ಹುಲ್ಲು ತಿನ್ನಬೇಕು,
ಹುಲ್ಲು ಮಾರುವವನು ನಗುವವನಲ್ಲ.

ಅಗ್ಗದ ದೇಶ, ಅಗ್ಗದ ದೇಶ ಅನ್ನುತ್ತಾ ಬರುತ್ತೀರಿ.
ಅನ್ನಿ. ನನಗೇನೂ ಸಿಟ್ಟಿಲ್ಲ.
ನಾನೂ ನಿಮ್ಮನ್ನು ಎಣಿಸುತ್ತೇನೆ:
ಹಿಟ್ಟು, ಸಕ್ಕರೆ, ಸೋಪು ಕಳೆದರೆ
ಒಂದು ಟನ್ ಕಲ್ಲಿದ್ದಲಿಗೆ ಹನ್ನೆರಡು ರಾತ್ರಿ.
ಮಾರ್ಚ್ ಮುಗಿಯುವವರೆಗೆ ಮೂರು ಟನ್.
ನೀನು ಗೊರಕೆ ಹೊಡೆದ ಮೂರೂ ಸೇರಿ
ಇಪ್ಪತ್ತೊಂಬತ್ತಾಯಿತು. ಆಗಸ್ಟ್ ಮುಗಿಯುತ್ತಾ ಬಂತು.
ಗೊತ್ತಾಯಿತಲ್ಲ, ನೀನು ನನ್ನ ಒಲೆಯಲ್ಲಿ
ಜನವರಿಯ ಯಾವುದೋ ಒಂದು ವಾರ ಉರಿಯುತ್ತೀಯ.

ಇದೇನು? ರೊಟ್ಟಿ, ನಲವತ್ತು.
ಅಳಿಸು. ಈ ಮನೆಯಲ್ಲಿ ರೊಟ್ಟಿ ಲೆಕ್ಕಕ್ಕೆ ಬರುವುದಿಲ್ಲ.
ಜಾಮಿಗೆ ಬೇಕಾದರೆ ಕೊಡು.
ಮತ್ತೆ ಆ ರೊಟ್ಟಿಯನ್ನು ಬೋರಲು ಹಾಕಬೇಡ ಮಾರಾಯಾ,
ಮೊದಲ ದಿನದಿಂದ ನಾನೇ ತಿರುಗಿಸಿ ಇಡುತ್ತಿದ್ದೇನೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು
ನಿನ್ನ ಆ ಮಲಗುವ ಚೀಲಕ್ಕೆ ಸರಿ,
ಬೆಟ್ಟಕ್ಕಲ್ಲ. ಬೆಟ್ಟ ತನ್ನ ಕಾಲು ತಾನು ಚಾಚುತ್ತದೆ.
ಐದು ದಿನದ ನಡಿಗೆಗೆ ಐದೇ ದಿನದ ಅಕ್ಕಿ ಬರೆದಿದ್ದೀಯ.
ಹಿಮ ಬಿದ್ದು ಟೆಂಟಿನಲ್ಲಿ ಸುಮ್ಮನೆ ಕೂರುವ
ಆ ಒಂದು ದಿನ ಎಲ್ಲಿ?
ಅದಕ್ಕೂ ಹಸಿವಾಗುತ್ತದೆ.
ನೋಡು, ನಿನ್ನ ತಂತಿಯಲ್ಲೂ ಮಣಿ ಕಮ್ಮಿ.
ಉಳಿಸಿದ ಆರುನೂರು ಅಲ್ಲಿ ಹಾಕು.

ಈಗ ಕೂಡುತ್ತೇನೆ, ಮಾತಾಡಬೇಡ.
ಟಕ್, ಟಕ್, ಟಕ್.
ನಿನಗಿಂತ ಸಾವಿರದ ನೂರರವತ್ತು ಹೆಚ್ಚೇ ಬಂತು.
ಮುಖ ಸಣ್ಣದು ಮಾಡಬೇಡ. ಮನೆಗೆ ವಾಪಸಾಗುವವನ ಲೆಕ್ಕ
ಯಾವಾಗಲೂ ತುಸು ದುಬಾರಿ.

ಹೋಗು, ಮಲಗು. ದೀಪ ನಾನು ಆರಿಸುತ್ತೇನೆ.
ಐವತ್ತೆಂಟು ವರ್ಷದಿಂದ ಈ ಕಿಟಕಿಯಲ್ಲಿ
ಕೋಕ್-ಬೆಲ್‌ನ ನೆತ್ತಿ ಕಾಣುತ್ತಲೇ ಇದೆ, ಹತ್ತಿದವಳಲ್ಲ ನಾನು.
ಕೋಲ್ಖೋಜಿನ ಕಾಲಕ್ಕೆ ಹಾಲು ಕರೆಯಬೇಕಿತ್ತು,
ಆಮೇಲೆ ನಿಮ್ಮಂಥವರಿಗೆ ಚಹಾ ಕಾಯಿಸಬೇಕಿತ್ತು.
ಆಚೆ ಬದಿಯಲ್ಲಿ ಏನಿದೆ ಅಂತ
ಖರ್ಚಿನ ಪಕ್ಕದಲ್ಲೇ ಒಂದು ಸಾಲು ಬರೆದುಕೊಂಡು ಬಾ.
ಡಬ್ಬಿಯನ್ನೂ ತಾ, ಖಾಲಿಯಾಗಿದ್ದರೂ.
ಕುಲುಕಿ ನೋಡುತ್ತೇನೆ.